ಕಣ್ಣು ಮುಚ್ಚಿ ನೋಡುವುದನ್ನು ಕಲಿಸಿದ ಲಂಡನ್ನಿನ ರಹಸ್ಯ ಸಂಘ

1/7
ಮೊದಲು ಒಂದು ಸಣ್ಣ ಪ್ರಯೋಗ ಮಾಡೋಣ. ಬಿಳಿ ಹಾಳೆಯ ಮೇಲೆ ಒಂದು ತ್ರಿಕೋನ ಬರೆದು, ಒಳಗೆಲ್ಲ ಗಾಢ ಕೆಂಪು ಬಣ್ಣ ತುಂಬಿ. ಅರ್ಧ ನಿಮಿಷ ಕಣ್ಣು ಕದಲಿಸದೆ ಅದನ್ನೇ ನೋಡಿ. ಈಗ ಖಾಲಿ ಗೋಡೆ ಕಡೆ ನೋಡಿ. ಹಸಿರು ಛಾಯೆಯ ತ್ರಿಕೋನ ತೇಲ್ತಾ ಇದೆ, ಅಲ್ವಾ?

ಇದರಲ್ಲಿ ಮಾಟವೂ ಇಲ್ಲ, ಮಂತ್ರವೂ ಇಲ್ಲ. ಕೆಂಪು ನೋಡಿ ನೋಡಿ ಕಣ್ಣು ದಣಿದಿದೆ, ಅಷ್ಟೆ. ಆದರೆ ಸುಮಾರು 130 ವರ್ಷಗಳ ಹಿಂದೆ ಲಂಡನ್ನಿನಲ್ಲಿ ಕೆಲವರು ಇದೇ ತ್ರಿಕೋನವನ್ನು ಒಂದು ಬಾಗಿಲು ಅಂದ್ಕೊಂಡು, ಕಣ್ಣು ಮುಚ್ಚಿ ಅದರೊಳಗೆ ನಡೆದುಹೋಗುವ ಅಭ್ಯಾಸ ಮಾಡ್ತಿದ್ದರು. ಅವರಲ್ಲಿ ಮುಂದೆ ನೊಬೆಲ್ ಪಡೆದ ಕವಿ ಯೇಟ್ಸ್ ಇದ್ದರು. ರಂಗನಟಿ ಫ್ಲಾರೆನ್ಸ್ ಫಾರ್ ಇದ್ದರು. ಚಹಾ ವ್ಯಾಪಾರದ ಶ್ರೀಮಂತ ಮನೆತನದ ಆನಿ ಹಾರ್ನಿಮನ್ ಇದ್ದರು.

ಸಂಘದ ಹೆಸರು ಹರ್ಮೆಟಿಕ್ ಆರ್ಡರ್ ಆಫ್ ದ ಗೋಲ್ಡನ್ ಡಾನ್. ಇವತ್ತಿನ ಸರಣಿ ಇವರು ಮನಸ್ಸನ್ನು ಹೇಗೆ ಪಳಗಿಸಿದರು, ಮತ್ತು ಎಲ್ಲಿ ಮೋಸ ಹೋದರು ಅನ್ನೋದರ ಬಗ್ಗೆ.

2/7
1888. ಮೂವರು ಫ್ರೀಮೇಸನ್‌ಗಳು ಸೇರಿ ಈ ಸಂಘ ಕಟ್ಟಿದರು: ವಿಲಿಯಂ ವಿನ್ ವೆಸ್ಟ್‌ಕಾಟ್, ಮ್ಯಾಕ್‌ಗ್ರೆಗರ್ ಮ್ಯಾಥರ್ಸ್, ವಿಲಿಯಂ ರಾಬರ್ಟ್ ವುಡ್‌ಮನ್. ವೆಸ್ಟ್‌ಕಾಟ್ ವೈದ್ಯರು, ಲಂಡನ್ನಿನಲ್ಲಿ ಅನುಮಾನಾಸ್ಪದ ಸಾವುಗಳ ವಿಚಾರಣೆ ನಡೆಸುವ ಅಧಿಕಾರಿ ಕೂಡ. ಹಗಲು ಹೆಣಗಳ ಲೆಕ್ಕ, ಸಂಜೆ ಗುಪ್ತವಿದ್ಯೆ!

ವೆಸ್ಟ್‌ಕಾಟ್ ಹೇಳಿದ ಕಥೆ ಹೀಗಿತ್ತು. ಅವರ ಕೈಗೆ ಸಂಕೇತ ಲಿಪಿಯ ಹಸ್ತಪ್ರತಿಯೊಂದು ಸಿಕ್ಕಿತು. ಅದರ ಜೊತೆಗೆ ಜರ್ಮನಿಯ ಅನ್ನಾ ಶ್ಪ್ರೆಂಗೆಲ್ ಎಂಬ ಮಹಿಳೆಯ ವಿಳಾಸವೂ ಇತ್ತು. ಪತ್ರ ಬರೆದಾಗ ಆಕೆ ಲಂಡನ್ನಿನಲ್ಲಿ ಶಾಖೆ ತೆರೆಯಲು ಅಪ್ಪಣೆ ಕೊಟ್ಟರು. ಕೆಲವೇ ವರ್ಷಗಳಲ್ಲಿ, ಆಕೆ ತೀರಿಹೋದರು ಅಂತ ಇನ್ನೊಂದು ಪತ್ರ ಬಂತು.

ಅಂದ್ರೆ ಗುರುಪರಂಪರೆಗೆ ಇದ್ದ ಆಧಾರ ಒಂದು ಕಂತೆ ಪತ್ರ ಮಾತ್ರ. ಈ ಕಂತೆ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

3/7
ಒಳಗೆ ಸೇರಿದವರಿಗೆ ಏನು ಕಲಿಸ್ತಿದ್ದರು?

ಮೊದಲ ದಿನ ದೀಕ್ಷೆ. ಕಣ್ಣಿಗೆ ಬಟ್ಟೆ, ಸೊಂಟಕ್ಕೆ ಮೂರು ಸುತ್ತು ಹಗ್ಗ. ಆ ಸ್ಥಿತಿಯಲ್ಲೇ ಸಭಾಂಗಣದೊಳಗೆ ಕರೆತಂದು ಗುಟ್ಟು ಕಾಯುವ ಪ್ರಮಾಣ ಮಾಡಿಸ್ತಿದ್ದರು. ನಂತರ ಕಣ್ಣಿನ ಪಟ್ಟಿ ಬಿಚ್ಚುತ್ತಿದ್ದರು. ಕತ್ತಲಿಂದ ಬೆಳಕಿಗೆ ಬಂದೆ ಅನ್ನೋದು ಬರೀ ಮಾತಾಗಿ ಉಳಿಯದೆ ಮೈಗೇ ನಾಟಬೇಕು ಅನ್ನೋದು ಉದ್ದೇಶ. ಗಂಡಸರು, ಹೆಂಗಸರು ಇಬ್ಬರಿಗೂ ಒಂದೇ ದೀಕ್ಷೆ. ಆ ಕಾಲದ ಫ್ರೀಮೇಸನ್ ಲಾಡ್ಜ್‌ಗಳ ಪಕ್ಕದಲ್ಲಿ ಇಟ್ಟು ನೋಡಿದರೆ ಇದು ಸಣ್ಣ ವಿಷಯವಲ್ಲ.

ಆಮೇಲೆ ಶುರುವಾಗೋದು ಶಾಲೆ. ಹೀಬ್ರೂವಿನ 22 ಅಕ್ಷರ, ರಾಶಿ, ಗ್ರಹ, ಪಂಚಭೂತಗಳ ಚಿಹ್ನೆ, ಎಲ್ಲ ಬಾಯಿಪಾಠ. ಪರೀಕ್ಷೆ ಪಾಸಾದರೆ ಮಾತ್ರ ಮುಂದಿನ ಮೆಟ್ಟಿಲು. ಹೊಸಬರಿಗೆ ಮನೆಯಲ್ಲಿ ಮಾಡಲು ಒಂದು ಅಭ್ಯಾಸವಿತ್ತು: ನಾಲ್ಕು ದಿಕ್ಕಿಗೂ ತಿರುಗಿ ಗಾಳಿಯಲ್ಲಿ ಐದು ಮೂಲೆಯ ನಕ್ಷತ್ರ ಬರೆಯುವುದು, ದೇವರ ಹೀಬ್ರೂ ಹೆಸರುಗಳನ್ನು ನಾದ ತುಂಬಿ ಉಚ್ಚರಿಸುವುದು, ಸುತ್ತ ನಾಲ್ವರು ದೇವದೂತರು ನಿಂತಿದ್ದಾರೆಂದು ಕಲ್ಪಿಸುವುದು. ನಮ್ಮ ಕಡೆ ಪೂಜೆಗೆ ಮುಂಚೆ ದಿಗ್ಬಂಧನ ಮಾಡೋದನ್ನು ನೋಡಿದವರಿಗೆ ಇದು ಅಪರಿಚಿತ ಅನ್ನಿಸಲ್ಲ.

ಒಮ್ಮೆ ಮಾಡಿ ನೋಡಿ. ಕೈ, ಬಾಯಿ, ಉಸಿರು, ಒಳಗಣ್ಣು ನಾಲ್ಕೂ ಒಟ್ಟಿಗೆ ಕೆಲಸ ಮಾಡಬೇಕು. ಮನಸ್ಸು ಸ್ವಲ್ಪ ಆಚೆ ಹೋದರೂ ನಕ್ಷತ್ರ ಮಾಯ. ಗಮನ ಎಂಬುದು ಹುಟ್ಟಿನಿಂದ ಬಂದ ಗುಣವಲ್ಲ, ರೂಢಿಸಿಕೊಳ್ಳಬೇಕಾದ ಕಸುಬು ಅಂತ ಅವರು ನಂಬಿದ್ದರು.

4/7
ಈಗ ಆ ಕೆಂಪು ತ್ರಿಕೋನಕ್ಕೆ ಬರೋಣ. ಅದು ಲಂಡನ್ನಿಗೆ ಹೋಗಿದ್ದು ಎಲ್ಲಿಂದ ಗೊತ್ತಾ? ಭಾರತದಿಂದ.

1890ರಲ್ಲಿ ರಾಮಪ್ರಸಾದ್ ಎಂಬ ಭಾರತೀಯ ಥಿಯಾಸಫಿಸ್ಟ್ 'ನೇಚರ್ಸ್ ಫೈನರ್ ಫೋರ್ಸಸ್' ಎಂಬ ಇಂಗ್ಲಿಷ್ ಪುಸ್ತಕ ಹೊರತಂದರು. ಉಸಿರು ಮತ್ತು ಪಂಚತತ್ವಗಳ ಬಗೆಗಿನ ಸಂಸ್ಕೃತ ವಿದ್ಯೆ ಅದರಲ್ಲಿತ್ತು. ಗೋಲ್ಡನ್ ಡಾನ್‌ನವರು ಅದರ ತತ್ವಗಳನ್ನು ಎತ್ತಿಕೊಂಡು ರಟ್ಟಿನ ಕಾರ್ಡ್ ಮಾಡಿದರು. ಪೃಥ್ವಿಗೆ ಹಳದಿ ಚೌಕ, ನೀರಿಗೆ ಬೆಳ್ಳಿಯ ಅರ್ಧಚಂದ್ರ, ಅಗ್ನಿಗೆ ಕೆಂಪು ತ್ರಿಕೋನ, ವಾಯುವಿಗೆ ನೀಲಿ ವೃತ್ತ, ಆಕಾಶಕ್ಕೆ ಕಪ್ಪು ಮೊಟ್ಟೆ.

ಕಾರ್ಡನ್ನು ದಿಟ್ಟಿಸೋದು, ಕಣ್ಣು ಮುಚ್ಚೋದು, ಆ ಆಕಾರ ಬಾಗಿಲಿನಷ್ಟು ದೊಡ್ಡದಾಯಿತೆಂದು ಕಲ್ಪಿಸಿ ದಾಟೋದು, ಆಚೆ ಕಂಡಿದ್ದನ್ನು ಹೇಳೋದು. ಮ್ಯಾಥರ್ಸ್ ಒಮ್ಮೆ ಇಂಥದ್ದೊಂದು ಕಾರ್ಡ್ ಕೊಟ್ಟಾಗ ಯೇಟ್ಸ್‌ಗೆ ಮರುಭೂಮಿ ಕಾಣಿಸ್ತು. ಪಾಳುಬಿದ್ದ ಕಟ್ಟಡಗಳ ರಾಶಿಯಿಂದ ಒಬ್ಬ ಕಪ್ಪು ದೈತ್ಯ ಕೈಯೂರಿ ಏಳ್ತಿದ್ದ. ಅದು ಅಗ್ನಿಯ ಚಿಹ್ನೆ, ಕಂಡಿದ್ದು ಅಗ್ನಿಲೋಕದ ಜೀವಿ ಅಂತ ಮ್ಯಾಥರ್ಸ್ ವಿವರಿಸಿದರು. ಯೇಟ್ಸ್ ಆ ಅನುಭವವನ್ನು ಜೀವನವಿಡೀ ಮರೀಲಿಲ್ಲ, ತಮ್ಮ ಆತ್ಮಕಥನದಲ್ಲೂ ಬರೆದರು.

5/7
ನನಗೆ ಇಡೀ ಕಥೆಯಲ್ಲಿ ಅತಿ ಹೆಚ್ಚು ಇಷ್ಟವಾದ ಭಾಗ ಇದು. ಅವರು ಕಂಡಿದ್ದನ್ನೆಲ್ಲ ಕಣ್ಣುಮುಚ್ಚಿ ನಂಬ್ತಿರಲಿಲ್ಲ!

ದರ್ಶನದಲ್ಲಿ ಏನೋ ಕಂಡರೆ ಅದರ ಮೇಲೆ ಒಂದು ಗ್ರಹದ ಚಿಹ್ನೆಯನ್ನೋ ಹೀಬ್ರೂ ಅಕ್ಷರವನ್ನೋ ಮನಸ್ಸಿನಲ್ಲೇ ಬರೀಬೇಕಿತ್ತು. ಇದು ಹಳೆಯ ನೆನಪೇ ಇರಬಹುದಾ? ಹಾಗಾದರೆ ಶನಿಯ ಚಿಹ್ನೆ. ನನ್ನ ಅಹಂಕಾರವೇ ಹೀಗೆ ವೇಷ ಹಾಕಿಕೊಂಡಿದೆಯಾ? ಸೂರ್ಯನದು. ಮನಸ್ಸು ಸುಮ್ಮನೆ ಅಲೀತಿದೆಯಾ? ಚಂದ್ರನದು. ಚಿತ್ರ ಮಸುಕಾದರೆ, ಕರಗಿದರೆ, ಅದು ನಂಬಲರ್ಹವಲ್ಲ, ಬಿಟ್ಟುಬಿಡು.

ಚಿಹ್ನೆಗಳಿಗೆ ನಿಜವಾಗಿ ಶಕ್ತಿ ಇತ್ತಾ ಅನ್ನೋ ಪ್ರಶ್ನೆ ಬದಿಗಿಡಿ. ಒಳಗೆ ಎದ್ದ ಪ್ರತಿ ಚಿತ್ರವನ್ನೂ ತಡೆದು ನಿಲ್ಲಿಸಿ, 'ನೀನು ನನ್ನ ಆಸೆಯೋ, ನೆನಪೋ, ಜಂಬವೋ' ಅಂತ ಕೇಳೋ ಅಭ್ಯಾಸ ಇದೆಯಲ್ಲ, ಅದು ನಿಜಕ್ಕೂ ಮನಸ್ಸಿನ ತರಬೇತಿ.

ಆದರೆ ಈ ಪ್ರಶ್ನೆಯನ್ನು ಅವರು ಒಂದು ಕಡೆ ಮಾತ್ರ ಕೇಳಲಿಲ್ಲ. ಆ ಪತ್ರಗಳ ಕಂತೆಗೆ.

6/7
1900ರ ಫೆಬ್ರವರಿ. ಲಂಡನ್ ಶಾಖೆಯ ಹೊಣೆ ಹೊತ್ತಿದ್ದ ಫ್ಲಾರೆನ್ಸ್ ಫಾರ್‌ಗೆ ಪ್ಯಾರಿಸ್‌ನಿಂದ ಮ್ಯಾಥರ್ಸ್ ಪತ್ರ ಬಂತು. ಶ್ಪ್ರೆಂಗೆಲ್ ಪತ್ರಗಳು ನಕಲಿ, ವೆಸ್ಟ್‌ಕಾಟ್ ಸೃಷ್ಟಿಸಿದ್ದು ಅಂತ! ಜೊತೆಗೆ ಇನ್ನೊಂದು ಮಾತು: ಅಸಲಿ ಶ್ಪ್ರೆಂಗೆಲ್ ಸತ್ತಿಲ್ಲ, ಈಗ ತಮ್ಮ ಜೊತೆ ಪ್ಯಾರಿಸ್‌ನಲ್ಲೇ ಇದ್ದಾರೆ.

ಫಾರ್ ಗುಟ್ಟು ಮುಚ್ಚಿಡಲಿಲ್ಲ. ಸಮಿತಿ ರಚನೆಯಾಯ್ತು, ಮ್ಯಾಥರ್ಸ್‌ಗೆ ಪುರಾವೆ ಕೇಳಿದರು. ಅವರು ಕೊಡಲಿಲ್ಲ, ಸಿಟ್ಟಾದರು. ಏಪ್ರಿಲ್‌ನಲ್ಲಿ ಅವರ ಪರವಾಗಿ ಯುವ ಶಿಷ್ಯ ಅಲಿಸ್ಟರ್ ಕ್ರೌಲಿ 36, ಬ್ಲೈತ್ ರೋಡ್‌ನ ಸಂಘದ ಕೋಣೆಗಳಿಗೆ ಮುಖವಾಡ ಹಾಕಿಕೊಂಡು ನುಗ್ಗಲು ಬಂದರು. ಎದುರಿಗೆ ನಿಂತವರಲ್ಲಿ ಯೇಟ್ಸ್ ಒಬ್ಬರು. ಕೊನೆಗೆ ಕ್ರೌಲಿಯನ್ನು ಆಚೆ ಕಳಿಸೋಕೆ ಯಾವ ಮಂತ್ರವೂ ಬೇಕಾಗಲಿಲ್ಲ, ಪೊಲೀಸ್ ಪೇದೆ ಬಂದ. ಮ್ಯಾಥರ್ಸ್‌ರನ್ನು ಸಂಘದಿಂದ ಹೊರಹಾಕಿದರು.

ಇಲ್ಲಿಗೆ ಮುಗಿದಿದ್ದರೆ ತಮಾಷೆ ಕಥೆ ಆಗಿರ್ತಿತ್ತು. ಆದರೆ ಪ್ಯಾರಿಸ್‌ನ ಆ 'ಅಸಲಿ ಶ್ಪ್ರೆಂಗೆಲ್' ಹೋರೋಸ್ ಎಂಬ ಹೆಸರಿನ ವಂಚಕ ಜೋಡಿಯ ಹೆಂಗಸು. ಮ್ಯಾಥರ್ಸ್ ಹತ್ತಿರವಿದ್ದ ದೀಕ್ಷಾವಿಧಿಯ ಕಾಗದಗಳು ಈ ಜೋಡಿಯ ಕೈಸೇರಿದವು. ಲಂಡನ್ನಿಗೆ ಬಂದು ಅದೇ ಪ್ರಮಾಣವಚನ ಬಳಸಿ ಶಿಷ್ಯೆಯರನ್ನು ಬಲೆಗೆ ಕೆಡವಿದರು. 1901ರ ಡಿಸೆಂಬರ್‌ನಲ್ಲಿ ಓಲ್ಡ್ ಬೇಲಿ ಕೋರ್ಟು ಹದಿಹರೆಯದ ಹುಡುಗಿಯೊಬ್ಬಳ ಮೇಲಿನ ಅತ್ಯಾಚಾರದ ಪ್ರಕರಣದಲ್ಲಿ ಅವನಿಗೆ 15 ವರ್ಷ, ಅವಳಿಗೆ 7 ವರ್ಷ ಶಿಕ್ಷೆ ಕೊಟ್ಟಿತು.

ಪರೀಕ್ಷಿಸದೆ ಬಿಟ್ಟ ಒಂದು ಸುಳ್ಳು. ಅದರ ಬೆಲೆ ತೆತ್ತವಳು ಅದನ್ನು ಹೇಳಿದವರಲ್ಲೂ ಅಲ್ಲ, ನಂಬಿಕೊಂಡು ಬಂದ ಹಿರಿಯ ಸದಸ್ಯರಲ್ಲೂ ಅಲ್ಲ.

7/7
ಮುಂದೇನಾಯ್ತು? ಫಾರ್ 1902ರಲ್ಲಿ ಸಂಘ ಬಿಟ್ಟರು. 1912ರಲ್ಲಿ ಸಿಲೋನ್‌ಗೆ ಹೋಗಿ, ಪೊನ್ನಂಬಲಂ ರಾಮನಾಥನ್ ಕಟ್ಟಿದ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಮಾಡಿದರು. 1917ರಲ್ಲಿ ಕೊಲಂಬೊದಲ್ಲಿ ತೀರಿಕೊಂಡರು. ಯೇಟ್ಸ್ ಮಾತ್ರ ಸಂಘದ ಉಳಿದ ಕವಲಿನಲ್ಲೇ ಎರಡು ದಶಕ ಮುಂದುವರಿದರು. ಕಾಗದ ಸುಳ್ಳಿದ್ದರೂ ಅಭ್ಯಾಸ ತಮ್ಮೊಳಗೆ ಮಾಡಿದ ಕೆಲಸ ಸುಳ್ಳಲ್ಲ ಅನ್ನೋದು ಅವರ ನಿಲುವು ಅಂತ ನನಗನ್ನಿಸುತ್ತೆ.

1937ರಿಂದ ಇಸ್ರೇಲ್ ರೆಗಾರ್ಡಿ ಸಂಘದ ವಿಧಿಗಳನ್ನೆಲ್ಲ ನಾಲ್ಕು ಸಂಪುಟಗಳಲ್ಲಿ ಅಚ್ಚು ಹಾಕಿಸಿ ಗುಟ್ಟು ಬಯಲು ಮಾಡಿದರು. ಈ ದಾರಿಗೆ ಬರುವವರು ಮೊದಲು ಮಾನಸಿಕ ಚಿಕಿತ್ಸೆಗೆ ಒಳಗಾಗಲಿ ಅಂತ ಒತ್ತಿ ಹೇಳಿದವರೂ ಅವರೇ.

ಈಗ ನಿಮ್ಮ ವಿಷಯ. ನಿಮ್ಮ ಫೋನಿನಲ್ಲೂ ದಿನಕ್ಕೆ ಹತ್ತು 'ಪ್ರಾಚೀನ ರಹಸ್ಯ ಸಾಧನೆ' ಬಂದು ಬೀಳ್ತಾವೆ. ಧ್ಯಾನ ಮಾಡಿ, ಉಸಿರು ಗಮನಿಸಿ, ಕೆಂಪು ತ್ರಿಕೋನ ಬೇಕಾದರೂ ನೋಡಿ. ನಾನು ಬೇಡ ಅನ್ನಲ್ಲ. ಆದರೆ ಒಳಗೆ ಕಂಡಿದ್ದಕ್ಕೆ ಕೇಳುವ ಪ್ರಶ್ನೆಯನ್ನೇ ಎದುರಿಗೆ ಕೂತ ಗುರುವಿಗೂ ಕೇಳಿ. ಪುರಾವೆ ಕೇಳಿದಾಗ ಅವರು ಸಿಟ್ಟಾದರೆ, ಗುಟ್ಟು ಕಾಯ್ತೀನಂತ ಮೊದಲೇ ಪ್ರಮಾಣ ಮಾಡಿಸಿದರೆ, ಎದ್ದು ಬನ್ನಿ.

ನಿಮಗೆ ಯಾರಾದರೂ ಇಂಥ ಪ್ರಮಾಣ ಮಾಡಿಸಿದ್ದು ಇದೆಯಾ? ಹೆಸರು ಹಾಕೋದು ಬೇಡ, ಅನುಭವ ಮಾತ್ರ ಕಮೆಂಟಿನಲ್ಲಿ ಬರೀರಿ. ಹೊಸ ಗುರು ಹುಡುಕ್ತಿರೋ ಗೆಳೆಯರಿಗೆ ಇದನ್ನು ಕಳಿಸಿ.

#ಇತಿಹಾಸ #ಕನ್ನಡದಲ್ಲಿ_ಇತಿಹಾಸ #ಗೋಲ್ಡನ್‌ಡಾನ್ #ಯೇಟ್ಸ್ #ಮನಸ್ಸು