ಮೆಲನೋಮಾಗೆ ‘ಕರೆಂಟ್’ ಯಾವಾಗ, ಆಪರೇಷನ್ ಯಾವಾಗ?

ನಮ್ಮ ತುಮಕೂರು ಕಡೆ ಯಾರಿಗಾದ್ರೂ ಕ್ಯಾನ್ಸರ್ ಅಂತ ಗೊತ್ತಾದ್ರೆ ಮನೆಯವರು ಮೊದಲು ಕೇಳೋದು: ‘ಕರೆಂಟ್ ಕೊಡಿಸ್ಬೇಕಾ?’ ಕರೆಂಟ್ ಅಂದ್ರೆ ರೇಡಿಯೋಥೆರಪಿ, ವಿಕಿರಣ ಚಿಕಿತ್ಸೆ. ಮೆಲನೋಮಾ ಅನ್ನೋ ಚರ್ಮದ ಕ್ಯಾನ್ಸರ್ ಆರಂಭದಲ್ಲೇ ಸಿಕ್ಕಿದ್ರೆ ಈ ಪ್ರಶ್ನೆಗೆ ಉತ್ತರ ಬಹುತೇಕ ಸಲ ‘ಬೇಡ’. ಯಾಕೆ ಬೇಡ, ಯಾವಾಗ ಬೇಕು, ಗುಬ್ಬಿ-ಕುಣಿಗಲ್ಲಿನವರಿಗೆ ಈ ವ್ಯತ್ಯಾಸ ಯಾಕೆ ಮುಖ್ಯ? ಒಂದೊಂದಾಗಿ ನೋಡೋಣ.

ಮೆಲನೋಮಾ ಎಂದರೇನು?

ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಿಸೋ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಇದು. ಬಿಳಿ ಚರ್ಮದವರಲ್ಲಿ ಹೆಚ್ಚಾಗಿ ಬಿಸಿಲು ಬೀಳುವ ಜಾಗದಲ್ಲಿ ಬರುತ್ತದೆ. ಭಾರತದಲ್ಲಿ ಅಪರೂಪ. ಆದರೆ ನಮ್ಮಂಥ ಕಂದು ಚರ್ಮದವರಿಗೆ ಬಂದಾಗ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ ಬರೋದು ಹೆಚ್ಚು. 1981ರಲ್ಲಿ, 36ನೇ ವಯಸ್ಸಿಗೆ ತೀರಿಕೊಂಡ ಗಾಯಕ ಬಾಬ್ ಮಾರ್ಲಿಗೂ ಇದು ಶುರುವಾಗಿದ್ದು ಕಾಲ್ಬೆರಳಿನ ಉಗುರಿನಡಿ.

ಗದ್ದೆ, ತೋಟದಲ್ಲಿ ಬರಿಗಾಲಲ್ಲಿ ಓಡಾಡೋರ ಅಂಗಾಲಿನ ಕರಿ ಮಚ್ಚೆಯನ್ನು ಯಾರು ನೋಡ್ತಾರೆ? ನೋಡಿದ್ರೂ ಆಣಿ ಅಂತಲೋ, ಮುಳ್ಳು ಮುರ್ದಿದೆ ಅಂತಲೋ, ಉಗುರಾದ್ರೆ ಕಲ್ಲು ಎಡವಿ ರಕ್ತ ಕಟ್ಟಿದೆ ಅಂತಲೋ ಸುಮ್ಮನಾಗ್ತೀವಿ.

ಆರಂಭದ ಹಂತ ಅಂದ್ರೆ ಯಾವುದು?

ಕ್ಯಾನ್ಸರ್ ಇನ್ನೂ ಚರ್ಮದಲ್ಲೇ ಇದ್ದು, ದುಗ್ಧಗ್ರಂಥಿಗಳಿಗೆ ಹಬ್ಬಿರದ ಹಂತ. ಇದರ ಮುಖ್ಯ ಅಳತೆ ದಪ್ಪ. ಮಚ್ಚೆ ಎಷ್ಟು ಅಗಲ ಅನ್ನೋದಕ್ಕಿಂತ ಎಷ್ಟು ಮಿಲಿಮೀಟರ್ ಆಳಕ್ಕೆ ಇಳಿದಿದೆ ಅನ್ನೋದು ಮುಖ್ಯ ಅಂತ ಅಲೆಕ್ಸಾಂಡರ್ ಬ್ರೆಸ್ಲೋ 1970ರಲ್ಲಿ ತೋರಿಸಿದರು. ಇವತ್ತಿಗೂ ಬಯಾಪ್ಸಿ ವರದಿಯಲ್ಲಿ ವೈದ್ಯರು ಮೊದಲು ಹುಡುಕೋದು ಈ ಸಂಖ್ಯೆಯನ್ನೇ.

ಆಪರೇಷನ್ನೇ ಯಾಕೆ?

ಮಚ್ಚೆಯ ಜೊತೆ ಸುತ್ತಲಿನ ಒಳ್ಳೆ ಚರ್ಮವನ್ನೂ ಸ್ವಲ್ಪ ಸೇರಿಸಿ ತೆಗೆಯುತ್ತಾರೆ. ಮೇಲ್ಪದರದಲ್ಲೇ ಇದ್ದರೆ ಸುಮಾರು ಅರ್ಧದಿಂದ 1 ಸೆಂ.ಮೀ., 1 ಮಿ.ಮೀ.ವರೆಗೆ ದಪ್ಪವಿದ್ದರೆ 1 ಸೆಂ.ಮೀ., 2 ಮಿ.ಮೀ. ದಾಟಿದ್ರೆ 2 ಸೆಂ.ಮೀ. ಅಂಚು.

ಇಂಜಿನಿಯರಿಂಗ್ ಓದಿದವನಾಗಿ ನನಗೆ ಸುಲಭವಾಗಿ ಅರ್ಥವಾಗಿದ್ದು ಇದರ ಹಿಂದಿನ ಲೆಕ್ಕ. ಆಪರೇಷನ್ ಆದ ಮೇಲೆ ಕೈಯಲ್ಲಿ ಒಂದು ತುಂಡು ಇರುತ್ತದೆ. ಅದನ್ನು ಸೂಕ್ಷ್ಮದರ್ಶಕದಡಿ ನೋಡಿ ದಪ್ಪ ಎಷ್ಟು, ಅಂಚಲ್ಲಿ ಕ್ಯಾನ್ಸರ್ ಉಳಿದಿದೆಯಾ ಅಂತ ಪರೀಕ್ಷೆ ಮಾಡಬಹುದು. ವಿಕಿರಣದಲ್ಲಿ ಆ ತುಂಡು ಇಲ್ಲ. ಪೂರ್ತಿ ಹೋಯ್ತಾ ಅಂತ ತಿಳಿಯೋಕೆ ಕಾದು ನೋಡಬೇಕು. ಜೊತೆಗೆ ಮೆಲನೋಮಾ ಕೋಶಗಳಲ್ಲಿ ಅನೇಕವು ವಿಕಿರಣದ ಪೆಟ್ಟನ್ನು ರಿಪೇರಿ ಮಾಡಿಕೊಳ್ಳೋದ್ರಲ್ಲಿ ಚುರುಕು. ಅಂಗಾಲಿನ ಚರ್ಮಕ್ಕೆ ವಿಕಿರಣ ಬಿದ್ದರೆ ಗಾಯ ಮಾಯೋದೂ ನಿಧಾನ.

ಹಾಗಾದ್ರೆ ‘ಕರೆಂಟ್’ ಯಾವಾಗ?

ಹೆಸರು ಕರೆಂಟ್ ಆದ್ರೂ ಶಾಕ್ ಹೊಡೆಯಲ್ಲ. ಲೀನಿಯರ್ ಆಕ್ಸಿಲರೇಟರ್ ಯಂತ್ರದಿಂದ ಬರುವ ಎಕ್ಸ್-ರೇ ಅಥವಾ ಎಲೆಕ್ಟ್ರಾನ್ ಕಿರಣ ಕೋಶಗಳ ಡಿಎನ್ಎ ಮುರಿಯುತ್ತದೆ. ಕಿರಣ ಬೀಳುವಾಗ ನೋವಿರಲ್ಲ. ಆರಂಭದ ಹಂತದಲ್ಲಿ ಇದನ್ನು ಯೋಚಿಸೋದು ಕೆಲವೇ ಸಂದರ್ಭದಲ್ಲಿ: ವಯಸ್ಸಾದವರ ಮುಖದ ಮೇಲೆ ಮೇಲ್ಪದರದಲ್ಲೇ ಹರಡಿರುವ ‘ಲೆಂಟಿಗೋ ಮಾಲಿಗ್ನಾ’ ಎಂಬ ಬಗೆ, ಬೇರೆ ಕಾಯಿಲೆಗಳಿಂದ ಆಪರೇಷನ್ ತಡೆಯಲಾರದ ರೋಗಿ, ಅಂಚಿನಲ್ಲಿ ಕ್ಯಾನ್ಸರ್ ಉಳಿದು ಮತ್ತೆ ಕತ್ತರಿಸಲು ಜಾಗವಿಲ್ಲದ ಸ್ಥಿತಿ.

ದುಗ್ಧಗ್ರಂಥಿಗೆ ಹಬ್ಬಿದ ಮೇಲಿನ ಕಥೆ ಬೇರೆ. ಗ್ರಂಥಿ ತೆಗೆದ ನಂತರ ವಿಕಿರಣ ಕೊಟ್ಟು ನೋಡಿದ ಆಸ್ಟ್ರೇಲಿಯಾ ನೇತೃತ್ವದ ಅಧ್ಯಯನದಲ್ಲಿ ಅದೇ ಜಾಗದಲ್ಲಿ ರೋಗ ಮರಳೋದು ಕಡಿಮೆಯಾಯ್ತು, ಆದರೆ ರೋಗಿಗಳ ಆಯಸ್ಸು ಹೆಚ್ಚಲಿಲ್ಲ. ಅಲ್ಲಿ ಕೊಟ್ಟಿದ್ದು 20 ಸಿಟ್ಟಿಂಗ್‌ಗಳಲ್ಲಿ 48 ಗ್ರೇ.

ಈ 20 ಅನ್ನೋ ಸಂಖ್ಯೆ ನೆನಪಿಡಿ. ಬಡವರಿಗೆ ಕ್ಯಾನ್ಸರ್ ಅಂದ್ರೆ ಬೆಂಗಳೂರಿನ ಕಿದ್ವಾಯಿ ಅನ್ನೋದು ನಮ್ಮ ಕಡೆ ರೂಢಿ. ಗುಬ್ಬಿಯಿಂದ ಬೆಂಗಳೂರು ಸುಮಾರು 90 ಕಿ.ಮೀ. ದಿನಾ ಹೋಗಿ ಬಂದ್ರೆ 20 ದಿನಕ್ಕೆ 3,600 ಕಿ.ಮೀ. ಕುಣಿಗಲ್ಲಿನಿಂದ ಸುಮಾರು 70 ಕಿ.ಮೀ., ಅಂದ್ರೆ 2,800. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗಬಹುದು. ರೋಗಿ ಮತ್ತು ಜೊತೆಗೆ ಹೋದವರು ಕಳ್ಕೊಳ್ಳೋ ಕೂಲಿಯನ್ನು ಕಟ್ಟಿಕೊಡೋರು ಯಾರು? ಬೇಗ ಗೊತ್ತಾದ್ರೆ ಬಹಳಷ್ಟು ಸಲ ಒಂದೆರಡು ಚಿಕ್ಕ ಆಪರೇಷನ್ನಲ್ಲೇ ಮುಗಿಯುತ್ತೆ.

ಏನನ್ನು ಗಮನಿಸಬೇಕು?

ಒಂದು ಅರ್ಧ ಇನ್ನೊಂದರಂತಿಲ್ಲದ, ಅಂಚು ಚೆದುರಿದ, ಎರಡು ಮೂರು ಬಣ್ಣದ, 6 ಮಿ.ಮೀ.ಗಿಂತ ದೊಡ್ಡ, ತಿಂಗಳಿಂದ ತಿಂಗಳಿಗೆ ಬದಲಾಗುವ ಮಚ್ಚೆ. ಒಂದೇ ಉಗುರಲ್ಲಿ ಹೊಸದಾಗಿ ಬಂದು ಅಗಲವಾಗುತ್ತಿರುವ ಕರಿ ಗೆರೆ, ಅದರಲ್ಲೂ ಬಣ್ಣ ಉಗುರಿನ ಬುಡದ ಚರ್ಮಕ್ಕೂ ಇಳಿದಿದ್ದರೆ. ಹಲವು ಉಗುರುಗಳಲ್ಲಿ ಮೊದಲಿನಿಂದಲೂ ಇರೋ ಗೆರೆ ನಮ್ಮ ಚರ್ಮದವರಲ್ಲಿ ಸಾಮಾನ್ಯ, ಗಾಬರಿ ಬೇಡ. ಅನುಮಾನದ ಮಚ್ಚೆಯನ್ನು ಬ್ಲೇಡಲ್ಲಿ ಕೆರೆಯೋದು, ಸುಡಿಸೋದು ಮಾತ್ರ ಬೇಡವೇ ಬೇಡ. ಚರ್ಮದ ವೈದ್ಯರಿಗೆ ತೋರಿಸಿ.

ಕೇಳಬೇಕಾದ್ದು ಏನು?

ಜಿಲ್ಲೆಗೊಂದು ರೇಡಿಯೇಷನ್ ಯಂತ್ರ ಬೇಕು ಅಂತ ಕೇಳೋದು ಸರಿ. ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್‌ಗೆ ಅದು ಬೇಕೇ ಬೇಕು. ಆದರೆ ಆರಂಭದ ಮೆಲನೋಮಾಗೆ ಬೇಕಾದ್ದು ಅದಕ್ಕಿಂತ ಅಗ್ಗ: ಪಾದ ನೋಡುವ ಕಣ್ಣು, ಸರಿಯಾದ ಬಯಾಪ್ಸಿ, ಬೇಗ ಬರೋ ವರದಿ. ಸರ್ಕಾರದ ತಪಾಸಣೆಯಲ್ಲಿ ಈಗಿರೋದು ಆ ಮೂರು ಕ್ಯಾನ್ಸರ್ ಮಾತ್ರ. ಇಷ್ಟು ಅಪರೂಪದ ರೋಗಕ್ಕೆ ಬೇರೆ ಅಭಿಯಾನ ಬೇಕಿಲ್ಲ. ಸಕ್ಕರೆ ಕಾಯಿಲೆಯವರ ಪಾದವನ್ನು ಹೇಗೂ ಪರೀಕ್ಷಿಸಬೇಕು ತಾನೇ? ತಾಲೂಕು ಆಸ್ಪತ್ರೆಯಲ್ಲಿ ಅದೇ ಒಂದು ನಿಮಿಷದಲ್ಲಿ ಕರಿ ಮಚ್ಚೆಯನ್ನೂ ನೋಡಲಿ. ಅಲ್ಲಿವರೆಗೆ, ಈ ಸಲ ಊರಿಗೆ ಹೋದಾಗ ಅಜ್ಜಿಯ ಅಂಗಾಲನ್ನು ನೀವೇ ಒಮ್ಮೆ ನೋಡಿ.