ದಿ ಬ್ಲೂ ಡೇಲಿಯಾ

ಎರಡನೆಯ ಮಹಾಯುದ್ಧದಿಂದ ಊರಿಗೆ ಮರಳಿದ ನೌಕಾಪಡೆಯ ಬಾಂಬರ್ ವಿಮಾನ ಚಾಲಕನೊಬ್ಬನ ಸುತ್ತ ಹೆಣೆದ, ಅಮೆರಿಕದ ಕಪ್ಪುಬಿಳುಪು ಪತ್ತೇದಾರಿ ಚಿತ್ರ. ಜಾನ್ ಹೌಸ್‌ಮನ್ ನಿರ್ಮಿಸಿ, ಜಾರ್ಜ್ ಮಾರ್ಷಲ್ ನಿರ್ದೇಶಿಸಿದ ಈ ಪ್ಯಾರಾಮೌಂಟ್ ಚಿತ್ರ 1946ರ ಏಪ್ರಿಲ್‌ನಲ್ಲಿ ತೆರೆಕಂಡಿತು. ಕಾದಂಬರಿಕಾರ ರೇಮಂಡ್ ಚಾಂಡ್ಲರ್ ಬರೆದ ಸ್ವತಂತ್ರ ಚಿತ್ರಕಥೆಗಳಲ್ಲಿ ಚಿತ್ರವಾಗಿ ಹೊರಬಂದದ್ದು ಇದೊಂದೇ. ಆದರೆ ಕಥೆಯ ಕೊಲೆಗಾರ ಯಾರಾಗಬೇಕು ಎಂಬ ವಿಷಯದಲ್ಲಿ ಕೊನೆಯ ಮಾತು ಅವನದಾಗಲಿಲ್ಲ. ಅದನ್ನು ಆಡಿದ್ದು ಅಮೆರಿಕದ ನೌಕಾಪಡೆ ಇಲಾಖೆ. ಯುದ್ಧಾನಂತರದ ಚಿತ್ರಗಳ ಚರ್ಚೆಯಲ್ಲಿ ಈ ಚಿತ್ರದ ಹೆಸರು ಮತ್ತೆ ಮತ್ತೆ ಬರುವುದಕ್ಕೆ ಮುಖ್ಯ ಕಾರಣ ಅದೇ.

ಜಾನಿ ಮಾರಿಸನ್ (ಆಲನ್ ಲ್ಯಾಡ್), ಬಜ್ ವಾಂಚೆಕ್ (ವಿಲಿಯಂ ಬೆಂಡಿಕ್ಸ್) ಮತ್ತು ಜಾರ್ಜ್ ಕೋಪ್‌ಲ್ಯಾಂಡ್ (ಹ್ಯೂ ಬ್ಯೂಮಾಂಟ್) ದಕ್ಷಿಣ ಪೆಸಿಫಿಕ್‌ನಲ್ಲಿ ಒಂದೇ ವಿಮಾನದಲ್ಲಿ ಹಾರಾಡಿದವರು. ಮೂವರೂ ಒಟ್ಟಿಗೆ ಲಾಸ್ ಏಂಜಲಿಸ್‌ಗೆ ಬಂದಿಳಿಯುತ್ತಾರೆ. ಜಾನಿ ಮನೆಗೆ ಬಂದರೆ ಅಲ್ಲಿ ಹೆಂಡತಿ ಹೆಲೆನ್‌ಳ (ಡೋರಿಸ್ ಡೌಲಿಂಗ್) ಕುಡಿತದ ಪಾರ್ಟಿ ನಡೆದಿದೆ. ಅವಳ ಜೊತೆಗಿರುವವನು ‘ಬ್ಲೂ ಡೇಲಿಯಾ’ ಎಂಬ ನೈಟ್‌ಕ್ಲಬ್ಬಿನ ಮಾಲೀಕ ಎಡ್ಡಿ ಹಾರ್ವುಡ್ (ಹೋವರ್ಡ್ ಡ ಸಿಲ್ವಾ). ಕಾಯಿಲೆಯಿಂದ ತೀರಿಕೊಂಡನೆಂದು ಜಾನಿ ನಂಬಿಕೊಂಡಿದ್ದ ಮಗ, ನಿಜದಲ್ಲಿ ತಾಯಿ ಕುಡಿದು ಕಾರು ಓಡಿಸಿದ್ದರಿಂದ ಸತ್ತಿದ್ದಾನೆ. ಜಾನಿ ಪಿಸ್ತೂಲು ತೋರಿಸಿ, ಅದನ್ನು ಅಲ್ಲೇ ಎಸೆದು, ಮಳೆಯಲ್ಲಿ ಹೊರಟುಹೋಗುತ್ತಾನೆ. ಬೆಳಗಾಗುವಷ್ಟರಲ್ಲಿ ಹೆಲೆನ್ ಅದೇ ಪಿಸ್ತೂಲಿನ ಗುಂಡಿಗೆ ಹೆಣವಾಗಿದ್ದಾಳೆ. ಪೊಲೀಸರು ಜಾನಿಯ ಬೆನ್ನು ಹತ್ತುತ್ತಾರೆ. ದಾರಿಯಲ್ಲಿ ಅವನನ್ನು ಕಾರಿಗೆ ಹತ್ತಿಸಿಕೊಂಡ ಅಪರಿಚಿತೆ ಜಾಯ್ಸ್ (ವೆರೋನಿಕಾ ಲೇಕ್) ಹಾರ್ವುಡ್‌ನಿಂದ ದೂರವಾಗಿರುವ ಹೆಂಡತಿ. ಪತ್ತೇದಾರಿ ಕಥೆಯಲ್ಲಿ ಇಂಥ ಕಾಕತಾಳೀಯಗಳಿಗೆ ರಿಯಾಯಿತಿ ಇರುತ್ತದೆ, ಚಾಂಡ್ಲರ್ ಅದನ್ನು ಧಾರಾಳವಾಗಿಯೇ ಬಳಸಿಕೊಂಡಿದ್ದಾನೆ.

ಚಿತ್ರ ಹುಟ್ಟಿದ್ದು ಅವಸರದಲ್ಲಿ. 1945ರ ಆರಂಭದಲ್ಲಿ ಲ್ಯಾಡ್‌ಗೆ ಮತ್ತೆ ಸೇನೆಯ ಕರೆ ಬರುವುದಿತ್ತು. ಅವನು ಪ್ಯಾರಾಮೌಂಟಿನ ದುಡಿಯುವ ಕುದುರೆ. ಹೋಗುವ ಮೊದಲು ಅವನಿಂದ ಇನ್ನೊಂದು ಚಿತ್ರ ಮುಗಿಸಿಕೊಳ್ಳುವ ಆತುರ ಸಂಸ್ಥೆಗಿತ್ತು. ಆ ಹೊತ್ತಿಗೆ ಚಾಂಡ್ಲರ್ ಅರ್ಧಕ್ಕೆ ನಿಂತ ಕಾದಂಬರಿಯೊಂದನ್ನು ಮುಂದಿಟ್ಟುಕೊಂಡು ಕೂತಿದ್ದ. ಅದನ್ನು ಚಿತ್ರಕಥೆ ಮಾಡಿದರೆ ಹೇಗೆ ಎಂದು ಅವನೇ ಹೌಸ್‌ಮನ್ ಮುಂದೆ ಹೇಳಿದ. ಸಂಸ್ಥೆ ಕೂಡಲೇ ಕೊಂಡಿತು. ಮೊದಲರ್ಧ ಕೆಲವೇ ವಾರಗಳಲ್ಲಿ ಸಿದ್ಧವಾಯಿತು, ಉಳಿದರ್ಧ ಕಾಗದದ ಮೇಲೆ ಬರುವ ಮೊದಲೇ ಚಿತ್ರೀಕರಣ ಶುರುವಾಯಿತು. ಕ್ಯಾಮೆರಾ ಓಡುತ್ತಿದ್ದ 1945ರ ಆ ವಸಂತದಲ್ಲಿ ಜಪಾನ್ ಇನ್ನೂ ಶರಣಾಗಿರಲಿಲ್ಲ. ‘ಯುದ್ಧಾನಂತರದ ಚಿತ್ರ’ ಎಂದು ನಾವಿಂದು ಹೆಸರಿಡುವ ಈ ಕೃತಿ ತಯಾರಾದದ್ದು ಯುದ್ಧ ನಡೆಯುತ್ತಿರುವಾಗಲೇ.

ಚಿತ್ರೀಕರಣ ಬರಹದ ಬೆನ್ನು ಮುಟ್ಟುವಷ್ಟು ಹತ್ತಿರ ಬಂತು, ಚಾಂಡ್ಲರ್‌ನ ಕೈ ಕಟ್ಟಿತು. ಮುಂದಿನದು ಹಾಲಿವುಡ್ಡಿನ ದಂತಕಥೆಯಾಗಿದೆ. ಹೌಸ್‌ಮನ್ 1965ರಲ್ಲಿ ‘ಹಾರ್ಪರ್ಸ್’ ಪತ್ರಿಕೆಯಲ್ಲಿ ಬರೆದ ನೆನಪಿನ ಪ್ರಕಾರ, ಸಮಯಕ್ಕೆ ಸರಿಯಾಗಿ ಮುಗಿಸಿಕೊಟ್ಟರೆ 5,000 ಡಾಲರ್ ಹೆಚ್ಚಿಗೆ ಕೊಡುತ್ತೇವೆಂದು ಸಂಸ್ಥೆಯ ಮುಖ್ಯಸ್ಥರು ಆಸೆ ತೋರಿಸಿದರು. ಇಂಗ್ಲೆಂಡಿನ ಡಲ್ವಿಚ್ ಕಾಲೇಜಿನಲ್ಲಿ ಓದಿದ ಚಾಂಡ್ಲರ್‌ಗೆ ಇದು ಲಂಚದಂತೆ ಕಂಡಿತು. ಒಪ್ಪಿದ ಕೆಲಸಕ್ಕೆ ಮತ್ತೆ ದುಡ್ಡು ಕೊಡುವುದೆಂದರೆ ತನ್ನ ಮಾತಿನ ಮೇಲೆ ನಂಬಿಕೆಯಿಲ್ಲ ಎಂದೇ ಅರ್ಥ ಎಂದು ನೊಂದುಕೊಂಡ. ಕುಡಿತ ಬಿಟ್ಟಿದ್ದ ಅವನು ಕಡೆಗೆ ಒಂದು ಷರತ್ತು ಮುಂದಿಟ್ಟ: ಮನೆಯಲ್ಲೇ ಕೂತು, ಕುಡಿಯುತ್ತಲೇ ಇದನ್ನು ಮುಗಿಸುತ್ತೇನೆ. ಬಾಗಿಲಲ್ಲಿ ಹಗಲೂ ರಾತ್ರಿ ಚಾಲಕರ ಸಮೇತ ಎರಡು ಕ್ಯಾಡಿಲಾಕ್ ಕಾರು ನಿಂತಿರಬೇಕು, ಸರದಿಯ ಮೇಲೆ ಆರು ಮಂದಿ ಕಾರ್ಯದರ್ಶಿಗಳು ಬರಬೇಕು, ಹೌಸ್‌ಮನ್ ಕಚೇರಿಗೆ ನೇರ ಫೋನ್ ಇರಬೇಕು. ವೈದ್ಯರು ಗ್ಲೂಕೋಸ್ ಚುಚ್ಚುಮದ್ದು ಕೊಡುತ್ತಿದ್ದರು, ಊಟ ನಿಂತೇಹೋಗಿತ್ತು. ಎಂಟು ದಿನಗಳಲ್ಲಿ ಹಾಳೆಗಳೆಲ್ಲ ಸೆಟ್ಟಿಗೆ ತಲುಪಿದವು.

ಕಥೆ ಬಲು ಸೊಗಸಾಗಿದೆ. ಅಷ್ಟು ಸೊಗಸಾಗಿರುವುದರಿಂದಲೇ ಸ್ವಲ್ಪ ಅನುಮಾನದಿಂದ ಓದಬೇಕು. ಇದನ್ನು ಹೇಳಿದವನು ನಾಟಕರಂಗದ ಮನುಷ್ಯ, ಹೇಳಿದ್ದು ಇಪ್ಪತ್ತು ವರ್ಷಗಳ ಮೇಲೆ, ಚಾಂಡ್ಲರ್ ತೀರಿಕೊಂಡ (1959) ಬಳಿಕ. ಚಾಂಡ್ಲರ್‌ನ ಪತ್ರಗಳು ಹೇಳುವುದು ಬೇರೆ ಕಥೆ. ಅವುಗಳ ಪ್ರಕಾರ ಅವನಿಗೆ ಕೊಲೆಗಾರ ಯಾರೆಂಬುದು ಮೊದಲಿನಿಂದ ಗೊತ್ತಿತ್ತು. ಅದು ಬಜ್. ತಲೆಗೆ ಪೆಟ್ಟು ಬಿದ್ದು, ಬುರುಡೆಯೊಳಗೆ ಲೋಹದ ತಗಡು ಇಟ್ಟುಕೊಂಡು ಬಂದಿರುವ ಬಜ್ ಮರೆವಿನ ಗಳಿಗೆಯಲ್ಲಿ ಗೆಳೆಯನ ಹೆಂಡತಿಯನ್ನು ಕೊಲ್ಲುತ್ತಾನೆ, ಕೊಂದದ್ದನ್ನೂ ಮರೆಯುತ್ತಾನೆ. ಗಾಯಗೊಂಡ ಯೋಧನನ್ನು ಕೊಲೆಗಾರನೆಂದು ತೋರಿಸಕೂಡದು ಎಂದು ನೌಕಾಪಡೆ ಆಕ್ಷೇಪ ಎತ್ತಿತು, ಪ್ಯಾರಾಮೌಂಟ್ ತಲೆಬಾಗಿತು. ತಾನು ಯೋಚಿಸಿದ ಹೊಸ ಬಗೆಯ ಕಥೆ ಹೀಗೆ ಮಾಮೂಲಿ ‘ಕೊಂದವರು ಯಾರು’ ಚಿತ್ರವಾಗಿ ಇಳಿಯಿತೆಂದು ಚಾಂಡ್ಲರ್ ಪತ್ರದಲ್ಲಿ ದೂರಿದ್ದಾನೆ. ಎರಡು ಹೇಳಿಕೆಗಳೂ ಒಂದನ್ನೊಂದು ಅಲ್ಲಗಳೆಯಬೇಕಾಗಿಲ್ಲ. ಕಟ್ಟಿದ ಕೊನೆಯನ್ನು ಕಿತ್ತುಕೊಂಡ ಮೇಲೆ ಬರಹಗಾರನ ಕೈ ಕಟ್ಟುವುದು ಸಹಜ. ಇನ್ನೊಂದು ಸಂಗತಿಯನ್ನೂ ಇಲ್ಲಿ ಮರೆಯಬಾರದು. ಚಾಂಡ್ಲರ್ ತಾನೇ ಮಾಜಿ ಯೋಧ, ಮೊದಲ ಮಹಾಯುದ್ಧದಲ್ಲಿ ಕೆನಡಾದ ಪಡೆ ಸೇರಿ ಫ್ರಾನ್ಸಿನ ಕಂದಕಗಳನ್ನು ಕಂಡು ಬಂದವನು.

ತೆರೆಯ ಮೇಲೆ ಕೊಲೆಗಾರನಾಗಿ ಸಿಕ್ಕಿಬೀಳುವುದು ಹೆಲೆನ್ ಇದ್ದ ವಸತಿಯ ಕಾವಲು ಪತ್ತೇದಾರ, ಬ್ಲ್ಯಾಕ್‌ಮೇಲ್‌ನಿಂದ ಹೊಟ್ಟೆ ಹೊರೆಯುವ ‘ಡ್ಯಾಡ್’ ನ್ಯೂಯೆಲ್ (ವಿಲ್ ರೈಟ್). ರೈಟ್‌ನ ನಟನೆ ಚೆನ್ನಾಗಿದೆ, ಆದರೆ ಕಥೆಯ ಭಾರ ಅವನ ಕಡೆಗೆ ವಾಲಿಲ್ಲ. ಜಾಜ್ ಸಂಗೀತ ಕಿವಿಗೆ ಬಿದ್ದೊಡನೆ ಬಜ್ ತಲೆ ಹಿಡಿದುಕೊಳ್ಳುವುದು, ಅದನ್ನು ನಿಲ್ಲಿಸಿ ಎಂದು ಅರಚುವುದು, ಕೊಲೆಯ ರಾತ್ರಿ ತಾನೆಲ್ಲಿದ್ದೆನೆಂದು ಹೇಳಲಾಗದೆ ಒದ್ದಾಡುವುದು, ಇವೆಲ್ಲ ಹಳೆಯ ಕೊನೆಗೆಂದೇ ಇಟ್ಟ ಮೆಟ್ಟಿಲುಗಳು. ಕೊನೆ ಬದಲಾದರೂ ಮೆಟ್ಟಿಲುಗಳು ಹಾಗೆಯೇ ಉಳಿದುಕೊಂಡವು. ಹಾಗಾಗಿ ನೋಡುಗನ ಮನಸ್ಸು ಇವತ್ತಿಗೂ ಬಜ್‌ನ ಮೇಲೆಯೇ ನಿಲ್ಲುತ್ತದೆ. ಬೆಂಡಿಕ್ಸ್‌ನ ಈ ಪಾತ್ರವೇ ಚಿತ್ರದ ನಿಜವಾದ ಗಳಿಕೆ.

ಲ್ಯಾಡ್ ಮತ್ತು ಲೇಕ್ ಜೋಡಿಗೆ ಇದು ಮೊದಲ ಚಿತ್ರವೇನಲ್ಲ. 1942ರಲ್ಲೇ ‘ದಿಸ್ ಗನ್ ಫಾರ್ ಹೈರ್’ ಮತ್ತು ‘ದಿ ಗ್ಲಾಸ್ ಕೀ’ ಬಂದಿದ್ದವು. ಇಬ್ಬರೂ ಕುಳ್ಳು, ಇಬ್ಬರ ಮುಖವೂ ಹೆಚ್ಚು ಕದಲದು, ಆ ತಣ್ಣನೆಯ ಗುಣವೇ ಜನರಿಗೆ ಹಿಡಿಸಿತ್ತು. ಒಂದು ಕಣ್ಣನ್ನು ಮುಚ್ಚುವ ಲೇಕ್‌ಳ ಕೇಶವಿನ್ಯಾಸವನ್ನು ಯುದ್ಧದ ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರು ಅನುಕರಿಸಿದರೆ ಕೂದಲು ಯಂತ್ರಕ್ಕೆ ಸಿಕ್ಕೀತೆಂದು, ಸರ್ಕಾರದ ಕೋರಿಕೆಯಂತೆ ಅವಳು ಅದನ್ನು ಬದಲಿಸಿಕೊಂಡಿದ್ದಳು. ಚಾಂಡ್ಲರ್‌ಗೆ ಮಾತ್ರ ಅವಳ ಅಭಿನಯ ರುಚಿಸಲಿಲ್ಲ.

ಜನ ಚಿತ್ರವನ್ನು ಮೆಚ್ಚಿದರು. ಸ್ವತಂತ್ರ ಚಿತ್ರಕಥೆಯ ವಿಭಾಗದಲ್ಲಿ ಚಾಂಡ್ಲರ್‌ನ ಹೆಸರು ಆಸ್ಕರ್‌ಗೆ ಸೂಚಿತವಾಯಿತು. ಪ್ರಶಸ್ತಿ ಹೋದದ್ದು ಬ್ರಿಟನ್ನಿನ ‘ದಿ ಸೆವೆಂತ್ ವೇಲ್’ ಚಿತ್ರಕ್ಕೆ. ಅದೇ ವರ್ಷ ಅತ್ಯುತ್ತಮ ಚಿತ್ರವೆನಿಸಿಕೊಂಡ ‘ದಿ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್’ ಕೂಡ ಯುದ್ಧದಿಂದ ಮರಳಿದ ಮೂವರ ಕಥೆ. ಅಲ್ಲಿ ಊರು ಅವರನ್ನು ನಿಧಾನವಾಗಿ ಒಳಗೆ ಕರೆದುಕೊಳ್ಳುತ್ತದೆ. ಇಲ್ಲಿ ಊರಿಗೆ ಆ ವ್ಯವಧಾನವಿಲ್ಲ. 1947ರ ಜನವರಿಯಲ್ಲಿ ಲಾಸ್ ಏಂಜಲಿಸ್‌ನ ಖಾಲಿ ನಿವೇಶನವೊಂದರಲ್ಲಿ ಎಲಿಜಬೆತ್ ಶಾರ್ಟ್ ಎಂಬ ತರುಣಿಯ ಶವ ಸಿಕ್ಕಾಗ, ಪತ್ರಿಕೆಗಳಲ್ಲಿ ಅವಳಿಗೆ ಅಂಟಿದ ‘ಬ್ಲ್ಯಾಕ್ ಡೇಲಿಯಾ’ ಎಂಬ ಅಡ್ಡಹೆಸರು ಈ ಚಿತ್ರದ ಹೆಸರಿನಿಂದಲೇ ಬಂದದ್ದು. ಆ ಕೊಲೆಯ ಗುಟ್ಟು ಈವರೆಗೂ ಬಯಲಾಗಿಲ್ಲ.

ಯೋಧನ ಮರೆವು ಮುಂದೆ ಫಿಲ್ಮ್ ನ್ವಾರ್ ಎಂಬ ಕರಾಳ ಅಪರಾಧ ಚಿತ್ರಗಳ ಚಾಲ್ತಿ ಸರಕಾಯಿತು. ಜೋಸೆಫ್ ಮ್ಯಾಂಕಿವಿಜ್‌ನ ‘ಸಮ್‌ವೇರ್ ಇನ್ ದ ನೈಟ್’ (1946) ಮತ್ತು ‘ದಿ ಕ್ರುಕೆಡ್ ವೇ’ (1949) ಎರಡರಲ್ಲೂ ನಾಯಕ ತನ್ನ ಹೆಸರನ್ನೇ ಹುಡುಕಿಕೊಂಡು ಅಲೆಯುವ ಮಾಜಿ ಯೋಧ. ಎಡ್ವರ್ಡ್ ಡಿಮಿಟ್ರಿಕ್‌ನ ‘ಕ್ರಾಸ್‌ಫೈರ್’ (1947) ಒಂದು ಹೆಜ್ಜೆ ಮುಂದೆ ಹೋಗಿ ಕೊಲೆಗಾರ ಯೋಧನನ್ನೇ ತೋರಿಸಿತು. ಆದರೆ ಅವನ ರೋಗ ಯುದ್ಧದ್ದಲ್ಲ, ಯೆಹೂದಿ ದ್ವೇಷದ್ದು. ಫ್ರೆಡ್ ಜಿನಿಮನ್‌ನ ‘ಆ್ಯಕ್ಟ್ ಆಫ್ ವಯಲೆನ್ಸ್’ನಲ್ಲಿ ಊರು ಕೊಂಡಾಡುವ ಮಾಜಿ ವಿಮಾನ ಚಾಲಕನೊಬ್ಬ ಜರ್ಮನ್ ಸೆರೆಶಿಬಿರದಲ್ಲಿ ತನ್ನವರನ್ನೇ ಹಿಡಿದುಕೊಟ್ಟವನು. ಕಥಾಚಿತ್ರಗಳಲ್ಲಿ ಬಿಗಿ ಹೀಗೆ ಸಡಿಲವಾಗುತ್ತ ಬಂದರೂ ನಿಜವಾದ ರೋಗಿಗಳನ್ನು ತೋರಿಸಲು ಸೇನೆ ಒಪ್ಪಲಿಲ್ಲ. ಮನಸ್ಸು ಜರ್ಜರಿತವಾದ ಸೈನಿಕರ ಚಿಕಿತ್ಸೆಯನ್ನು ಲಾಂಗ್ ಐಲೆಂಡಿನ ಸೇನಾ ಆಸ್ಪತ್ರೆಯಲ್ಲಿ ಚಿತ್ರೀಕರಿಸಿ ಜಾನ್ ಹ್ಯೂಸ್ಟನ್ ತಯಾರಿಸಿದ ‘ಲೆಟ್ ದೇರ್ ಬಿ ಲೈಟ್’ ಸಾಕ್ಷ್ಯಚಿತ್ರ ಬ್ಲೂ ಡೇಲಿಯಾ ಬಿಡುಗಡೆಯಾದ 1946ರಲ್ಲೇ ಸಿದ್ಧವಾಗಿತ್ತು. ತಾನೇ ಮಾಡಿಸಿದ ಆ ಚಿತ್ರವನ್ನು ಸೇನೆ ಸಾರ್ವಜನಿಕ ಪ್ರದರ್ಶನಕ್ಕೆ ಬಿಟ್ಟುಕೊಟ್ಟದ್ದು 1980ರ ಕೊನೆಗೆ.