ನಯಾಗರದ ಬಂಡೆ, ಬೆಂಗಳೂರಿನ ದ್ರಾಕ್ಷಿ

ನಯಾಗರಕ್ಕೆ ಹೋಗಿ ಬಂದ ಕನ್ನಡಿಗರ ಆಲ್ಬಮ್ಮುಗಳಲ್ಲಿ ಒಂದು ಫೋಟೋ ಇದ್ದೇ ಇರುತ್ತೆ. ತೆಳು ಪ್ಲಾಸ್ಟಿಕ್ ರೈನ್‌ಕೋಟು ಹಾಕಿಕೊಂಡು, ತಲೆಯಿಂದ ನೀರು ಸುರಿಸುತ್ತಾ, ಹಲ್ಲು ಕಿರಿದು ನಿಂತ ಒಂದು ಆಕೃತಿ. ಹಿಂದೆ ಬರೀ ಬಿಳಿ. ಅದು ಜಲಪಾತವೋ ಸುಣ್ಣ ಬಳಿದ ಗೋಡೆಯೋ ಹೇಳೋದು ಕಷ್ಟ. ಫೋಟೋ ಆದ ಮೇಲೆ ಪಾರ್ಕಿಂಗ್ ಜಾಗದಲ್ಲಿ ಪುಳಿಯೋಗರೆ ಡಬ್ಬ ಬಿಚ್ಚಿ, ತಿಂದು, ವಾಪಸ್ ಟೊರಾಂಟೊ. ನನ್ನ ಮೊದಲ ಎರಡು ನಯಾಗರ ಯಾತ್ರೆಗಳೂ ಹೀಗೇ ಮುಗಿದಿದ್ದವು.

ಮೂರನೇ ಸಲ ಹೋಗಿದ್ದು ಸೆಪ್ಟೆಂಬರ್ ಕೊನೆಯ ಒಂದು ಶನಿವಾರ. ಜೊತೆಗಿದ್ದವನು ದೊಡ್ಡಬಳ್ಳಾಪುರದ ಕಡೆಯ ಗೆಳೆಯ, ಮನೆಯಲ್ಲಿ ದ್ರಾಕ್ಷಿ ತೋಟ ಇರೋನು. ಪ್ಲಾನು ಅವನದೇ. ಬೆಳಿಗ್ಗೆ ಜಲಪಾತ, ಮಧ್ಯಾಹ್ನದ ಮೇಲೆ ಕೆಳಗಿನ ವೈನ್ ತೋಟಗಳು, ಅಲ್ಲೇ ಊಟ. "ಜಲಪಾತ ಎಲ್ರೂ ನೋಡ್ತಾರೆ ಕಣೋ, ತೋಟ ಯಾರೂ ನೋಡಲ್ಲ" ಅಂದ. ಗಾಡಿ ಓಡಿಸೋನು ಅವನು, ಆದ್ದರಿಂದ ವೈನ್ ರುಚಿ ನೋಡೋ ಜವಾಬ್ದಾರಿ ನನ್ನ ಹೆಗಲಿಗೆ ಬಿತ್ತು. ಸ್ನೇಹಕ್ಕಾಗಿ ಒಪ್ಪಿಕೊಂಡೆ.

ಜಲಪಾತ, ವೈನು ಎರಡನ್ನೂ ಒಂದೇ ದಿನಕ್ಕೆ ಪೋಣಿಸಿರೋದು ಟೂರಿಸಂನವರ ಜಾಣತನ ಅಂತಲೇ ನಾನು ಅಂದುಕೊಂಡಿದ್ದೆ. ಸಂಜೆ ಹೊತ್ತಿಗೆ ಗೊತ್ತಾಗಿದ್ದೇನೆಂದರೆ, ಎರಡಕ್ಕೂ ತಾಯಿ ಒಂದೇ. ಒಂದು ಬಂಡೆಯ ಸಾಲು.

ಇದಕ್ಕೆ ನಯಾಗರ ಎಸ್ಕಾರ್ಪ್‌ಮೆಂಟ್ ಅಂತಾರೆ. ನ್ಯೂಯಾರ್ಕ್ ರಾಜ್ಯದಿಂದ ಹೊರಟು ಕೆನಡಾದ ಒಂಟಾರಿಯೊ ಪ್ರಾಂತ್ಯವನ್ನು ಹಾದು ವಿಸ್ಕಾನ್ಸಿನ್‌ವರೆಗೆ ಬಿಲ್ಲಿನ ಹಾಗೆ ಬಾಗಿರುವ ಕಡಿದಾದ ಅಂಚು. ಮೇಲೆ ಗಟ್ಟಿಯಾದ ಡಾಲೊಸ್ಟೋನ್ ಕಲ್ಲು, ಕೆಳಗೆ ಮೆತ್ತನೆಯ ಜೇಡುಗಲ್ಲು. ಈರಿ ಸರೋವರದಿಂದ ಒಂಟಾರಿಯೊ ಸರೋವರಕ್ಕೆ ಹರಿಯೋ ನಯಾಗರ ನದಿ ಈ ಅಂಚಿನಿಂದ ಧುಮುಕಬೇಕು. ಸುಮಾರು 12,000 ವರ್ಷಗಳ ಹಿಂದೆ ಅದು ಧುಮುಕುತ್ತಿದ್ದದ್ದು ಈಗಿನ ಜಾಗದಲ್ಲಲ್ಲ, ಕೆಳಗೆ ಕ್ವೀನ್ಸ್‌ಟನ್ ಊರಿನ ಹತ್ತಿರ. ನೀರು ಬಿದ್ದೂ ಬಿದ್ದೂ ಕೆಳಗಿನ ಮೆತ್ತನೆಯ ಕಲ್ಲು ಕೊರೆದುಹೋಗುತ್ತೆ, ಆಧಾರ ತಪ್ಪಿದ ಮೇಲಿನ ಕಲ್ಲು ಮುರಿದು ಬೀಳುತ್ತೆ, ಜಲಪಾತ ಒಂದು ಹೆಜ್ಜೆ ಹಿಂದೆ ಸರಿಯುತ್ತೆ. ಹೀಗೆ ಸರಿದೂ ಸರಿದೂ 11 ಕಿಲೋಮೀಟರ್ ಹಿಂದೆ ಬಂದಿದೆ. ನಾವು ರೈನ್‌ಕೋಟು ಹಾಕಿಕೊಂಡು ನೋಡೋದು ನಡಿಗೆಯಲ್ಲಿರೋ ಜಲಪಾತವನ್ನು.

ಹಾಗಂತ ಅದು ತನ್ನಿಷ್ಟದಂತೆ ನಡೆಯುತ್ತಿದೆ ಅಂದುಕೊಳ್ಳಬೇಡಿ. 1950ರಲ್ಲಿ ಕೆನಡಾ ಮತ್ತು ಅಮೆರಿಕ ಒಂದು ಒಪ್ಪಂದ ಮಾಡಿಕೊಂಡವು. ಪ್ರವಾಸಿಗರು ಬರೋ ತಿಂಗಳುಗಳಲ್ಲಿ ಹಗಲು ಹೊತ್ತು ಜಲಪಾತದ ಮೇಲೆ ಸೆಕೆಂಡಿಗೆ ಕನಿಷ್ಠ 2,832 ಘನ ಮೀಟರ್ ನೀರು ಬೀಳಲೇಬೇಕು. ರಾತ್ರಿ ಹೊತ್ತು ಮತ್ತು ಚಳಿಗಾಲದಲ್ಲಿ ಅದರ ಅರ್ಧ ಸಾಕು. ಉಳಿದದ್ದನ್ನು ಎರಡೂ ದೇಶದವರು ಮೇಲಿನಿಂದಲೇ ಸುರಂಗ ಕಾಲುವೆಗಳಲ್ಲಿ ತಿರುಗಿಸಿ ವಿದ್ಯುತ್ ಮಾಡಿಕೊಳ್ಳಬಹುದು. ನದಿಯ ಸಹಜ ಹರಿವಿಗೆ ಹೋಲಿಸಿದರೆ ಹಗಲು ನಮಗೆ ಕಾಣೋದು ಹೆಚ್ಚುಕಮ್ಮಿ ಅರ್ಧ, ರಾತ್ರಿ ಕಾಲು ಭಾಗ. ನಾನು ಇದನ್ನು ಹೇಳಿದಾಗ ಗೆಳೆಯ ರೇಲಿಂಗಿಗೆ ಒರಗಿ, "ಅಂದ್ರೆ ನಮಗೆ ತೋರಿಸ್ತಿರೋದು ಡೆಮೋ ವರ್ಷನ್ನು!" ಅಂದ.

ವಿದ್ಯುತ್ತಿನ ಮಾತು ಬಂದರೆ ನಯಾಗರಕ್ಕೂ ನಮಗೂ ಒಂದು ಹಳೇ ನಂಟಿದೆ. ಇಲ್ಲಿನ ಆಡಮ್ಸ್ ವಿದ್ಯುದಾಗಾರ ಶುರುವಾಗಿದ್ದು 1895ರಲ್ಲಿ. ಮಾರನೇ ವರ್ಷ ಸುಮಾರು 40 ಕಿಲೋಮೀಟರ್ ದೂರದ ಬಫೆಲೊ ನಗರಕ್ಕೆ ಕರೆಂಟು ಹೋಯಿತು. ಜಗತ್ತೆಲ್ಲ ಬೆರಗಾಗಿ ನೋಡಿತು. 1902ರಲ್ಲಿ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗಿದ್ದು 147 ಕಿಲೋಮೀಟರ್! ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ರೂಪುಗೊಂಡ ಆ ಯೋಜನೆಯ ಹಿಂದಿದ್ದ ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೇರ್ ಮೂಲತಃ ಕೆನಡಾದ ಕ್ವಿಬೆಕ್‌ನವನು, ಒಂಟಾರಿಯೊದ ಕಿಂಗ್‌ಸ್ಟನ್‌ನಲ್ಲಿರೋ ಮಿಲಿಟರಿ ಕಾಲೇಜಿನಲ್ಲಿ ಓದಿದವನು. ಗಗನಚುಕ್ಕಿ, ಭರಚುಕ್ಕಿಗಳಿಗೆ ಮಳೆಗಾಲ ಬಿಟ್ಟು ಹೋದವರು "ಏನಯ್ಯಾ ನೀರೇ ಇಲ್ಲ" ಅಂತ ಗೊಣಗುತ್ತಾರಲ್ಲ, ಅದಕ್ಕೂ ಇಲ್ಲಿನ ಒಪ್ಪಂದಕ್ಕೂ ಹಿನ್ನೆಲೆ ಒಂದೇ. ಜಲಪಾತ ಅಂದರೆ ನೋಟವೂ ಹೌದು, ದುಡಿಮೆಯೂ ಹೌದು. ಎರಡರ ನಡುವೆ ಎಷ್ಟು ಪಾಲು ಅಂತ ಯಾರೋ ಎಲ್ಲೋ ಕೂತು ತೀರ್ಮಾನ ಮಾಡಿರುತ್ತಾರೆ.

ಮಧ್ಯಾಹ್ನ ನದಿಯ ಪಕ್ಕದ ರಸ್ತೆ ಹಿಡಿದು ಕೆಳಕ್ಕೆ ಹೊರಟೆವು. ಕ್ವೀನ್ಸ್‌ಟನ್ ಹತ್ತಿರ ರಸ್ತೆ ಸೊಯ್ಯನೆ ಇಳಿಯುತ್ತೆ. ಅದೇ ಬಂಡೆಯ ಅಂಚು. ಇಳಿದ ಮೇಲೆ ಪ್ರಪಂಚವೇ ಬೇರೆ. ಸಮತಟ್ಟು ನೆಲ, ಎರಡೂ ಕಡೆ ಸಾಲು ಸಾಲು ದ್ರಾಕ್ಷಿ, ನಡುನಡುವೆ ಪೀಚ್ ತೋಟ. ಚಳಿಗಾಲದಲ್ಲಿ ಮೂಗು ಉದುರೋ ಈ ದೇಶದಲ್ಲಿ ದ್ರಾಕ್ಷಿ ಹೇಗೆ? ಮತ್ತೆ ಬಂಡೆಯ ಮಹಿಮೆ. ಒಂದು ಕಡೆ ಒಂಟಾರಿಯೊ ಸರೋವರ. ಅದು ಬೇಸಿಗೆಯ ಬಿಸಿಯನ್ನು ಹಿಡಿದಿಟ್ಟುಕೊಂಡು ಚಳಿಗಾಲದಲ್ಲಿ ನಿಧಾನವಾಗಿ ಬಿಡುತ್ತೆ. ಸರೋವರದಿಂದ ಬಂದ ಗಾಳಿ ಬಂಡೆಯ ಗೋಡೆಗೆ ಬಡಿದು ಹಿಂದಿರುಗುತ್ತೆ, ನೆಲದ ಮೇಲೆ ಸುತ್ತುತ್ತಲೇ ಇರುತ್ತೆ, ಹಿಮ ಕೂರೋದಕ್ಕೆ ಸುಲಭಕ್ಕೆ ಬಿಡೋದಿಲ್ಲ. ಸರೋವರಕ್ಕೂ ಬಂಡೆಗೂ ನಡುವಿನ ಈ ಪಟ್ಟಿಯೇ ಕೆನಡಾದ ಅತಿ ದೊಡ್ಡ ವೈನ್ ಸೀಮೆ.

ಒಂದು ವೈನರಿ ಹೊಕ್ಕೆವು. ನಾಲ್ಕು ಪುಟ್ಟ ಗ್ಲಾಸುಗಳಲ್ಲಿ ಒಂದೊಂದು ಗುಟುಕು, ಜೊತೆಗೊಂದು ಮರದ ಹಲಗೆಯ ಮೇಲೆ ಮೂರು ಥರದ ಚೀಸು, ಬ್ರೆಡ್ಡು, ಪೀಚ್ ಜಾಮು. ನನಗೆ ವೈನಿನ ಬಗ್ಗೆ ಗೊತ್ತಿದ್ದದ್ದು ಕೆಂಪು, ಬಿಳಿ ಎರಡೇ. ಸುರಿದುಕೊಡುತ್ತಿದ್ದಾಕೆ "ಇದರಲ್ಲಿ ಹಸಿರು ಸೇಬು, ಒದ್ದೆ ಕಲ್ಲಿನ ವಾಸನೆ ಬರುತ್ತೆ ನೋಡಿ" ಅಂದಳು. ಒದ್ದೆ ಕಲ್ಲು ಬೆಳಿಗ್ಗೆಯಿಂದ ಮೂಸಿದ್ದೆನಲ್ಲ, ತಲೆಯಾಡಿಸಿದೆ.

ಆದರೆ ಆ ನಾಲ್ಕು ಗ್ಲಾಸುಗಳ ಹಿಂದಿನ ಕಥೆ ರುಚಿಗಿಂತ ಸ್ವಾರಸ್ಯ. ಇಲ್ಲಿ ಮೊದಲು ಬೆಳೀತಿದ್ದದ್ದು ಯುರೋಪಿನ ದ್ರಾಕ್ಷಿ ಅಲ್ಲ. ಲಬ್ರುಸ್ಕಾ ಅನ್ನೋ ಅಮೆರಿಕದ ಸ್ವಂತ ಜಾತಿಯ ತಳಿಗಳು. ಮ್ಯಾಸಚೂಸೆಟ್ಸ್‌ನ ಕಾಂಕರ್ಡ್ ಊರಿನ ಎಫ್ರೈಮ್ ಬುಲ್ 1849ರಲ್ಲಿ ಬೆಳೆಸಿದ ಕಾಂಕರ್ಡ್, ಅದರ ಮಗಳು ನಯಾಗರ ಅನ್ನೋ ಬಿಳಿ ದ್ರಾಕ್ಷಿ. ಚಳಿಗೆ ಜಗ್ಗಲ್ಲ, ರೋಗಕ್ಕೆ ಬಗ್ಗಲ್ಲ, ಇಳುವರಿ ಧಾರಾಳ. 1916ರಿಂದ 1927ರವರೆಗೆ ಒಂಟಾರಿಯೊದಲ್ಲಿ ಪಾನನಿಷೇಧ ಇತ್ತು. ಆದರೆ ಸ್ಥಳೀಯ ದ್ರಾಕ್ಷಿಯ ವೈನಿಗೆ ಮಾತ್ರ ವಿನಾಯಿತಿ! ಬೆಳೆಗಾರರ ಒತ್ತಡಕ್ಕೆ ಸರ್ಕಾರ ಮಣಿದಿತ್ತು. ವೈನರಿಗಳು ಅಣಬೆಗಳ ಹಾಗೆ ಎದ್ದವು. ಕುಡಿಯೋಕೆ ಬೇರೇನೂ ಸಿಗದ ಜನಕ್ಕೆ ಏನು ಕೊಟ್ಟರೂ ನಡೀತಿತ್ತು. ನಿಷೇಧ ಹೋದ ಮೇಲೂ ಅದೇ ಸಿಹಿ ವೈನಿನ ಪರಂಪರೆ ಮುಂದುವರಿಯಿತು. 1971ರಲ್ಲಿ ಬಂದ 'ಬೇಬಿ ಡಕ್' ಅನ್ನೋ ಸಿಹಿ, ಗುಳ್ಳೆ ಗುಳ್ಳೆ ವೈನು ದೇಶದಲ್ಲೇ ಅತಿ ಹೆಚ್ಚು ಮಾರಾಟವಾಯಿತು. ಬಲ್ಲವರು ಮೂಗು ಮುರಿದರು, ಜನ ಕುಡಿದರು.

1975ರಲ್ಲಿ ಡೊನಾಲ್ಡ್ ಜಿರಾಲ್ಡೊ ಅನ್ನೋ ನರ್ಸರಿಯವನೂ ಕಾರ್ಲ್ ಕೈಸರ್ ಅನ್ನೋ ಆಸ್ಟ್ರಿಯಾ ಮೂಲದ ರಸಾಯನಶಾಸ್ತ್ರಜ್ಞನೂ ಸೇರಿ ಇನ್ನಿಸ್ಕಿಲಿನ್ ವೈನರಿ ತೆರೆದರು. ದಶಕಗಳ ನಂತರ ಒಂಟಾರಿಯೊದಲ್ಲಿ ಕೊಟ್ಟ ಹೊಸ ಪರವಾನಗಿ ಅದು. ಒಳ್ಳೆ ದ್ರಾಕ್ಷಿಯಿಂದ ಮಾತ್ರ ವೈನು ಮಾಡ್ತೀವಿ ಅನ್ನೋದು ಅವರ ಹಟ. 1983ರಲ್ಲಿ ಬಳ್ಳಿಯಲ್ಲೇ ಹಣ್ಣು ಹೆಪ್ಪುಗಟ್ಟಲಿ ಅಂತ ಬಿಟ್ಟರೆ ಹಕ್ಕಿಗಳು ತಿಂದುಹಾಕಿದವು. ಮರುವರ್ಷ ಬಲೆ ಕಟ್ಟಿ ಗೆದ್ದರು. ಮೈನಸ್ 8 ಡಿಗ್ರಿಗೆ ಇಳಿದ ಮೇಲೆ ಹೆಪ್ಪುಗಟ್ಟಿದ ಹಣ್ಣು ಕಿತ್ತು, ಹಾಗೇ ಹಿಂಡೋದು. ನೀರು ಮಂಜುಗಡ್ಡೆಯಾಗಿ ಉಳಿಯುತ್ತೆ, ಜೇನಿನಂಥ ರಸ ಮಾತ್ರ ಇಳಿಯುತ್ತೆ. ಈ ಐಸ್‌ವೈನಿಗೆ 1991ರಲ್ಲಿ ಫ್ರಾನ್ಸಿನ ಬೋರ್ಡೊದಲ್ಲಿ ನಡೆದ ವಿನೆಕ್ಸ್‌ಪೊದಲ್ಲಿ ದೊಡ್ಡ ಪ್ರಶಸ್ತಿ ಬಂತು. ನನ್ನ ನಾಲ್ಕನೇ ಗ್ಲಾಸು ಅದೇ. ನೀಲಿ ಗೆರೆಯ ಚೀಸಿನ ಉಪ್ಪಿನ ಜೊತೆ ಆ ಸಿಹಿ ಬೆರೆತಾಗ, ಸುಳ್ಳು ಯಾಕೆ ಹೇಳಲಿ, ಒಂದು ನಿಮಿಷ ಮಾತು ನಿಂತಿತು.

ನಡುವೆ 1988 ಬಂತು. ಅಮೆರಿಕದ ಜೊತೆ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತು, ಸ್ಥಳೀಯ ವೈನಿಗಿದ್ದ ರಕ್ಷಣೆ ಹೋಗೋದು ಖಚಿತವಾಯಿತು. ಕ್ಯಾಲಿಫೋರ್ನಿಯಾದ ವೈನು ಅದೇ ಬೆಲೆಗೆ ಬಂದರೆ ಕಾಂಕರ್ಡ್ ವೈನನ್ನು ಯಾರು ಕೇಳ್ತಾರೆ? ಸರ್ಕಾರ ರೈತರಿಗೆ ದುಡ್ಡು ಕೊಟ್ಟು ಬಳ್ಳಿ ಕೀಳಿಸಿತು. ಸುಮಾರು 8,000 ಎಕರೆ. ಅಪ್ಪ, ಅಜ್ಜ ನೆಟ್ಟ ಬಳ್ಳಿಗಳನ್ನು ಮಕ್ಕಳು ಟ್ರ್ಯಾಕ್ಟರಿಗೆ ಕಟ್ಟಿ ಎಳೆದರು. ಕೆಲವರು ಯುರೋಪಿನ ತಳಿ ನೆಟ್ಟರು, ಕೆಲವರು ದ್ರಾಕ್ಷಿಯ ಸಹವಾಸವೇ ಬಿಟ್ಟರು. ಅದೇ ಹೊತ್ತಿಗೆ ಬಂದ ವಿಕ್ಯೂಎ ಅನ್ನೋ ಗುಣಮಟ್ಟದ ಮುದ್ರೆ ಲಬ್ರುಸ್ಕಾವನ್ನು ಬಾಟಲಿಯಿಂದ ಹೊರಗೇ ಇಟ್ಟಿತು. ಇವತ್ತಿನ ಹೆಸರುವಾಸಿ ನಯಾಗರ ವೈನು ಆ ಕಿತ್ತ ಬಳ್ಳಿಗಳ ಜಾಗದಲ್ಲಿ ಎದ್ದದ್ದು.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೀತಿರಲಿಲ್ಲ. ವಾಪಸ್ ಬರುವಾಗ ರಸ್ತೆ ಬದಿ ಒಂದು ಹಣ್ಣಿನ ಅಂಗಡಿ. ಪುಟ್ಟ ಬುಟ್ಟಿಗಳಲ್ಲಿ ಕಪ್ಪು ದ್ರಾಕ್ಷಿ. ಕಿತ್ತುಹಾಕಿದ್ದರಲ್ಲಿ ಉಳಿದುಕೊಂಡ, ಜ್ಯೂಸಿಗೂ ಜಾಮಿಗೂ ಬೆಳೆಯೋ ಕಾಂಕರ್ಡ್. ಗೆಳೆಯ ಒಂದು ಬಾಯಿಗೆ ಹಾಕಿಕೊಂಡ. ಸಿಪ್ಪೆ ಒತ್ತಿದರೆ ತಿರುಳು ಜಾರಿ ಬಾಯಿಗೆ, ಸಿಪ್ಪೆ ಕೈಯಲ್ಲಿ, ಬೀಜ ಥೂ ಅಂತ ಪಕ್ಕಕ್ಕೆ. ಅವನ ಮುಖ ಬದಲಾಯಿತು.

"ಲೋ, ಇದು ನಮ್ಮೂರ್ ದ್ರಾಕ್ಷಿ ಕಣೋ!"

ನಾನೂ ತಿಂದೆ. ಹೌದು, ಅದೇ. ಚಿಕ್ಕಂದಿನಲ್ಲಿ ತಳ್ಳೋಗಾಡಿಯಿಂದ ಪೇಪರಿನಲ್ಲಿ ಸುತ್ತಿ ತರ್ತಿದ್ದ ಬೆಂಗಳೂರು ಬ್ಲೂ ವಾಸನೆ. ಬೆಂಗಳೂರು ಬ್ಲೂ ಅನ್ನೋದು ಅಮೆರಿಕದ ಇಸಬೆಲ್ಲಾ ತಳಿಯ ಇನ್ನೊಂದು ಹೆಸರು ಅಂತಾರೆ ತಳಿಗಳನ್ನು ಬಲ್ಲವರು. ಅದರ ಮೈಯಲ್ಲೂ ಲಬ್ರುಸ್ಕಾ ರಕ್ತ. ಆ ವಾಸನೆಗೆ ಮುಖ್ಯ ಕಾರಣ ಮೀಥೈಲ್ ಆಂಥ್ರನಿಲೇಟ್ ಅನ್ನೋ ರಾಸಾಯನಿಕ. ದ್ರಾಕ್ಷಿ ಫ್ಲೇವರಿನ ಚಾಕಲೇಟಿಗೆ ಹಾಕೋದೂ ಅದನ್ನೇ. ವೈನ್ ಪಂಡಿತರು ಇದನ್ನು 'ನರಿ ವಾಸನೆ' ಅಂತ ಕರೆದು ಮೂಗು ಮುಚ್ಚಿಕೊಳ್ಳುತ್ತಾರೆ. ನಮಗೆ ಅದು ದ್ರಾಕ್ಷಿಯ ವಾಸನೆ, ಅಷ್ಟೇ.

ಗಾಡಿಯಲ್ಲಿ ಬಹಳ ಹೊತ್ತು ಸುಮ್ಮನಿದ್ದವನು ಆಮೇಲೆ ಹೇಳಿದ. ಅವನ ಅಪ್ಪನ ಮುಂದೆ ಈಗ ಇರೋದೂ ಇದೇ ಪ್ರಶ್ನೆ. ಬೆಂಗಳೂರು ಬ್ಲೂಗೆ ಜಿಐ ಮಾನ್ಯತೆ ಇದೆ, 2007ರಲ್ಲಿ ನಮ್ಮ ಸರ್ಕಾರ ವೈನ್ ನೀತಿಯನ್ನೂ ತಂದಿತು. ಆದರೆ ರೈತನಿಗೆ ಬೇಕಾದದ್ದು ಕೆಜಿಗೆ ಸಿಗೋ ರೇಟು. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಸುತ್ತಲಿನ ತೋಟಗಳಿಗೆ ಸೈಟಿನ ಬೆಲೆ ಬಂದಿದೆ. ಚಿಕ್ಕಪ್ಪಂದಿರು ಕಿತ್ತುಹಾಕು ಅಂತಾರೆ, ಅಪ್ಪನಿಗೆ ಮನಸ್ಸಿಲ್ಲ. ವರ್ಷಕ್ಕೆ ಎರಡು ಬೆಳೆ ಕೊಟ್ಟು ಮಕ್ಕಳನ್ನು ಓದಿಸಿದ ಬಳ್ಳಿ. ಗೆಳೆಯನ ಎಂಜಿನಿಯರಿಂಗ್ ಫೀಸು ಕಟ್ಟಿದ್ದೂ ಅದೇ.

ನಯಾಗರದವರು ಮಾಡಿದ್ದು ತಪ್ಪು ಅಂತ ನಾನು ಹೇಳಲ್ಲ. ಆ ಐಸ್‌ವೈನ್ ಕುಡಿದವನು ಹಾಗೆ ಹೇಳಬಾರದು. ಆದರೆ ಅಲ್ಲಿ ಕಿತ್ತ ಬಳ್ಳಿಗೆ ಪರಿಹಾರ ಸಿಕ್ಕಿತು, ಹಲವು ಕಡೆ ಅದೇ ಮಣ್ಣಿಗೆ ಮತ್ತೊಂದು ಬಳ್ಳಿ ಬಂತು. ಬೆಳೆ ಬದಲಾದರೂ ತೋಟ ತೋಟವಾಗಿ ಉಳಿಯಿತು. ನಮ್ಮಲ್ಲಿ ಬಳ್ಳಿ ಹೋದ ಜಾಗದಲ್ಲಿ ನಿಲ್ಲೋದು ಸೈಟಿನ ಕಲ್ಲು. ಕಲ್ಲು ನೆಟ್ಟ ಮೇಲೆ ಯಾವ ತಳಿ ಒಳ್ಳೇದು ಅನ್ನೋ ಚರ್ಚೆಗೂ ಜಾಗ ಇರಲ್ಲ.

ರಾತ್ರಿ ಮತ್ತೆ ಜಲಪಾತದ ಹತ್ತಿರ ನಿಂತೆವು. ಬಣ್ಣದ ದೀಪ ಹಾಕಿದ್ದರು. ಒಪ್ಪಂದದ ಪ್ರಕಾರ ಸೆಪ್ಟೆಂಬರ್ ಕೊನೆಯಲ್ಲಿ ಎಂಟು ಗಂಟೆಗೆ ಹಗಲಿನ ಲೆಕ್ಕ ಮುಗಿಯುತ್ತೆ. ಒಂಬತ್ತಾಗಿತ್ತು, ಗೆಳೆಯ ಊರಿಗೆ ಫೋನ್ ಮಾಡಿದ. ಅಲ್ಲಿ ಬೆಳಿಗ್ಗೆ ಆರೂವರೆ, ಅವನಪ್ಪ ತೋಟದಲ್ಲಿದ್ದರು. ಬುಟ್ಟಿಯ ವಿಷಯ ಹೇಳಿದ, 1988ರ ವಿಷಯ ಹೇಳಿದ. ಸ್ಪೀಕರಿನಲ್ಲಿ ನೀರಿನ ಸದ್ದಿನ ನಡುವೆ ಅವರ ದನಿ ಕೇಳಿಸಿತು.

"ಅಲ್ಲಿ ಕೆಜಿ ಎಷ್ಟಕ್ಕೆ ಮಾರ್ತಾರಪ್ಪಾ?"

ಬುಟ್ಟಿಗೆ ಆರು ಡಾಲರ್ ಅಂತ ಹೇಳಿ ರೂಪಾಯಿ ಲೆಕ್ಕ ಕೊಟ್ಟ. ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ, "ಸರಿ, ಈ ಸಲ ಚಾಟಣಿ ಮಾಡಿಸ್ತೀನಿ. ಮುಂದಿನ ವರ್ಷ ನೋಡಾಣ."

ಚಾಟಣಿ ಅಂದರೆ ಗೊತ್ತಲ್ಲ, ಹೊಸ ಚಿಗುರು ಬರಲಿ ಅಂತ ಬಳ್ಳಿ ಸವರೋದು. ಸದ್ಯಕ್ಕೆ ಇನ್ನೊಂದು ಬೆಳೆ ಖಾಯಂ. ಉಳಿದ ಅರ್ಧ ಬುಟ್ಟಿ ದ್ರಾಕ್ಷಿಯನ್ನು ಟೊರಾಂಟೊ ತಲುಪೋದರೊಳಗೆ ಇಬ್ಬರೂ ಸೇರಿ ಮುಗಿಸಿದೆವು.